ಓಪನ್ ಮೈಕ್‌ನಲ್ಲಿ ರಾಜಕೀಯ ಜೋಕು: ಐದು ನಿಮಿಷ ಹೇಗೆ ಕಟ್ಟೋದು?

ಹೊಸಮೈಕು:
ಬೆಂಗಳೂರಿನ ಇಂದಿರಾನಗರದ ಓಪನ್ ಮೈಕ್‌ನಲ್ಲಿ (ಹೊಸಬರೂ ವೇದಿಕೆ ಹತ್ತಿ ಜೋಕು ಹೇಳೋ ಕಾರ್ಯಕ್ರಮ) 5 ನಿಮಿಷ ಸಿಕ್ಕಿದೆ. ರಸ್ತೆಗುಂಡಿ, ಟೆಂಡರ್, ಕಮಿಷನ್ ಬಗ್ಗೆ ಕನ್ನಡದಲ್ಲೇ ಮಾಡಬೇಕು. ಭಾಷಣ ಆಗದ ಹಾಗೆ, ಕೇಸೂ ಬೀಳದ ಹಾಗೆ ಹೇಗೆ ಬರೆಯೋದು?

ಗಾಂಧಿಬಜಾರ್:
ನಾಲ್ಕು ನಿಮಿಷಕ್ಕಷ್ಟೇ ಬರೀರಿ, ನಗುವಿಗೂ ಹೊತ್ತು ಬೇಕು. ಕೊನೆಯ ನಿಮಿಷಕ್ಕೆ ಹಿಂದಿನಿಂದ ಲೈಟ್ ತೋರಿಸ್ತಾರೆ. ಆಮೇಲೆ ಹೊಸ ಜೋಕು ಶುರು ಮಾಡ್ಬೇಡಿ. 'ವ್ಯವಸ್ಥೆ ಕೆಟ್ಟಿದೆ' ಅಂದ್ರೆ ಚಪ್ಪಾಳೆ ಬರುತ್ತೆ, ನಗು ಬರಲ್ಲ. ಒಂದೇ ಗುಂಡಿ ಹಿಡೀರಿ: 'ನಮ್ಮ ಬೀದಿ ಗುಂಡಿಗೆ ಮೂರು ಸಲ ಬಿಲ್ ಆಗಿದೆ. ಗುಂಡಿ ಹಾಗೇ ಇದೆ. ಎದ್ದಿರೋದು ಇಂಜಿನಿಯರ್ ಮನೆ ಮೂರನೇ ಮಹಡಿ.' ನಗಿಸೋ ಮಾತು ವಾಕ್ಯದ ತುದೀಲೇ ಬೀಳಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ಪಂಚ್ ನುಂಗಿಬಿಡುತ್ತೆ, ಹೆಚ್ಚಿನವರು ಎಡವೋದು ಅಲ್ಲೇ.

ಕಾನೂನುಕಟ್ಟೆ:
ಭಾರತೀಯ ನ್ಯಾಯ ಸಂಹಿತೆಯಲ್ಲಿ ಗಮನಿಸಬೇಕಾದ ಸೆಕ್ಷನ್‌ಗಳು 196 (ಗುಂಪುಗಳ ನಡುವೆ ದ್ವೇಷ), 299 (ಧಾರ್ಮಿಕ ಭಾವನೆ), 356 (ಮಾನಹಾನಿ). ಹೆಸರು ಹಿಡಿದು ಲಂಚದ ಆರೋಪ ಹೊರಿಸ್ಬೇಡಿ, ಹುದ್ದೆಯನ್ನು ಗೇಲಿ ಮಾಡಿ. ಇಷ್ಟಾದ್ರೂ ಷೋ ನಿಲ್ಲಬಹುದು. 2021ರ ನವೆಂಬರ್‌ನಲ್ಲಿ ಸ್ಟ್ಯಾಂಡಪ್ ಹಾಸ್ಯಗಾರ ಮುನಾವರ್ ಫಾರೂಕಿ ಷೋ ಬೆಂಗಳೂರಲ್ಲೇ ರದ್ದಾಯ್ತಲ್ಲ, ಕಾನೂನು ಸುವ್ಯವಸ್ಥೆ ಅಂತ ಪೊಲೀಸರು ಆಯೋಜಕರಿಗೆ ಪತ್ರ ಬರೆದಿದ್ರು. ಪೂರ್ತಿ ಸೆಟ್ (ವೇದಿಕೇಲಿ ಹೇಳಿದ್ದೆಲ್ಲ) ರೆಕಾರ್ಡ್ ಮಾಡಿಟ್ಕೊಳ್ಳಿ. ಕತ್ತರಿಸಿದ ಕ್ಲಿಪ್ ಹರಿದಾಡಿದ್ರೆ ಅದೇ ಆಧಾರ.

ರಂಗಪರದೆ:
ರಂಗನಟ ಮಾಸ್ಟರ್ ಹಿರಣ್ಣಯ್ಯ ತಮ್ಮ 'ಲಂಚಾವತಾರ' ನಾಟಕದೊಳಗೆ ಆಗಿನ ಸುದ್ದಿ ಸೇರಿಸ್ತಿದ್ರು. ನೀವೂ ಒಂದು ಸಾಲು ಖಾಲಿ ಬಿಡಿ, ಬೆಳಗಿನ ಪೇಪರ್ ನೋಡಿ ತುಂಬಿ.

ಹೊಸಮೈಕು:
ಹೆಸರೆಲ್ಲ ತೆಗೆದೆ. ಇಂಜಿನಿಯರ್ ಇರಲಾ?

ಕಾನೂನುಕಟ್ಟೆ:
ಇರಲಿ. ವಾರ್ಡ್ ನಂಬರ್ ಬೇಡ, ಯಾರು ಅಂತ ಗೊತ್ತಾಗಿಬಿಡುತ್ತೆ.