ಟ್ರೆಕ್ಕಿಂಗ್ ಪೋಲ್ ಬಳಸುವಾಗ ಮಣಿಕಟ್ಟು ನೋಯದಂತೆ ಹಿಡಿಯುವ ಕ್ರಮ ಯಾವುದು?

ಪ್ರಶ್ನೆ: ಪೋಲ್‌ಗಳನ್ನು ಹಿಡಿದು ಬಹಳ ಹೊತ್ತು ನಡೆದಾಗ, ಅದರಲ್ಲೂ ಇಳಿಜಾರಿನಲ್ಲಿ, ನನ್ನ ಮಣಿಕಟ್ಟು ನೋಯುತ್ತದೆ, ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುತ್ತವೆ. ಮಂಡಿಗಳ ಸಲುವಾಗಿ ಪೋಲ್‌ಗಳನ್ನು ಬಿಡುವಂತಿಲ್ಲ. ಹಿಡಿತದಲ್ಲಿ ಏನನ್ನು ಬದಲಿಸಬೇಕು?

ಉತ್ತರ 1: ಮೊದಲು ಪೋಲ್‌ನ ಹಿಡಿಕೆಗೆ ಜೋಡಿಸಿರುವ ಪಟ್ಟಿಯನ್ನು (ಸ್ಟ್ರ್ಯಾಪ್) ಗಮನಿಸಿ. ಕೈಯನ್ನು ಪಟ್ಟಿಯ ಕೆಳಗಿನಿಂದ ಮೇಲಕ್ಕೆ ತೂರಿಸಿ, ಅದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಾದು ಅಂಗೈಗೂ ಹಿಡಿಕೆಗೂ ಮಧ್ಯೆ ಬರುವಂತೆ ಹಿಡಿದರೆ, ದೇಹದ ಭಾರ ಪಟ್ಟಿಯ ಮೇಲೆ ಬೀಳುತ್ತದೆ. ಬೆರಳುಗಳು ಪೋಲ್‌ನ ದಿಕ್ಕನ್ನು ನಿಯಂತ್ರಿಸಿದರೆ ಸಾಕು. ಬಿಗಿಯಾಗಿ ಹಿಡಿಯುವ ಅಭ್ಯಾಸವೇ ನೋವಿನ ಮುಖ್ಯ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 2: ಪೋಲ್‌ನ ಉದ್ದವೂ ಮುಖ್ಯ. ಸಮತಟ್ಟಿನಲ್ಲಿ ಮೊಣಕೈ ಸುಮಾರು 90 ಡಿಗ್ರಿ ಬಾಗಿರಲಿ. ದೀರ್ಘ ಏರಿನಲ್ಲಿ 5ರಿಂದ 10 ಸೆಂ.ಮೀ. ಕಡಿಮೆ ಮಾಡಿ, ಇಳಿಜಾರಿನಲ್ಲಿ ಅಷ್ಟೇ ಹೆಚ್ಚಿಸಿ. ಮಣಿಕಟ್ಟು ಹಿಂದಕ್ಕೆ ಮಡಚದೆ ಮುಂಗೈಯ ನೇರದಲ್ಲಿಯೇ ಇರಬೇಕು.

ಉತ್ತರ 3: ನೀವು ಹೇಳಿದ ಎರಡು ಬೆರಳುಗಳಿಗೆ ಸಂವೇದನೆ ಒದಗಿಸುವ ಅಲ್ನಾರ್ ನರವು ಅಂಗೈಯ ಕಿರುಬೆರಳಿನ ಬದಿಯಲ್ಲಿ ಹಾದುಹೋಗುವುದರಿಂದ, ಹಿಡಿಕೆಯ ಒತ್ತಡ ಅಲ್ಲಿ ಬೀಳದಂತೆ ನೋಡಿಕೊಳ್ಳಿ. ವಿಶ್ರಾಂತಿಯ ನಂತರವೂ ಜೋಮು ಉಳಿದರೆ ದಯವಿಟ್ಟು ವೈದ್ಯರನ್ನು ಕಾಣಿರಿ. ಬಂಡೆಗಳ ಸಂದಿಯಲ್ಲಿ ಪೋಲ್ ಸಿಕ್ಕಿಕೊಳ್ಳುವಂಥ ಜಾಗದಲ್ಲಿ ಮಾತ್ರ ಪಟ್ಟಿಯಿಂದ ಕೈಯನ್ನು ಹೊರತೆಗೆಯಿರಿ, ಏಕೆಂದರೆ ಬಿದ್ದಾಗ ಹೆಬ್ಬೆರಳಿನ ಅಸ್ಥಿರಜ್ಜುವಿಗೆ (ಮೂಳೆಗಳನ್ನು ಜೋಡಿಸುವ ತಂತುವಿಗೆ) ಪೆಟ್ಟಾಗಬಹುದು.