ವಾಹನ ಓಡಿಸುವ ವಯಸ್ಸು 21ಕ್ಕೆ ಏರಬೇಕೇ? ಮನವಿಗೆ ಸಹಿ ಹಾಕುವ ಮೊದಲು ಕೇಳುತ್ತಿದ್ದೇನೆ

ಬಯಲುಮನೆ (ಬದಿಯಡ್ಕ):

ಮಗ ಪ್ಲಸ್ ವನ್ (ಹನ್ನೊಂದನೇ ತರಗತಿ) ಓದುತ್ತಿದ್ದಾನೆ. ಮೊನ್ನೆ ಶಾಲೆಯ ರಕ್ಷಕ-ಶಿಕ್ಷಕ ಸಭೆಯಲ್ಲಿ ಹಿರಿಯರೊಬ್ಬರು ಎದ್ದು, ವಾಹನ ಓಡಿಸುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಬೇಕೆಂದು ಸರಕಾರಕ್ಕೆ ಮನವಿ ಕಳುಹಿಸೋಣ ಎಂದರು. ಭರ್ಜರಿ ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ಕೆಲವರ ಮಕ್ಕಳು ದಿನವೂ ಸ್ಕೂಟರಿನಲ್ಲೇ ಬಂದು, ಶಾಲೆಯ ಅಂಗಳಕ್ಕೆ ತರುವಂತಿಲ್ಲವೆಂದು ಹತ್ತಿರದ ಅಂಗಡಿಯ ಹಿಂಬದಿಯಲ್ಲಿ ನಿಲ್ಲಿಸುವವರು. ಅದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲಿಲ್ಲ. ಸಹಿಯ ಕಾಗದ ಈಗ ನನ್ನ ಕೈಯಲ್ಲಿದೆ.

ನಮ್ಮ ಮನೆ ಗುಡ್ಡೆಯಿಂದ ಕೆಳಗೆ, ತೋಟದ ಬದಿಯಲ್ಲಿದೆ. ಟ್ಯೂಷನ್ ಮುಗಿಯುವ ಹೊತ್ತಿಗೆ ಬಸ್ ಸಿಗುವುದು ಕಷ್ಟ. ಹಾಗಾಗಿ ಮಗನಿಗೆ ಬ್ಯಾಟರಿ ಸ್ಕೂಟರ್ ತೆಗೆದುಕೊಡು, ಅದಕ್ಕೆ ಲೈಸೆನ್ಸೇ ಬೇಡ ಎಂದು ಭಾವ ಹೇಳುತ್ತಿದ್ದಾನೆ. ಅಂಗಡಿಯವನದೂ ಅದೇ ಮಾತು. ಇದು ಹೌದೇ? ಇಪ್ಪತ್ತೊಂದಕ್ಕೆ ಏರಿಸಿದರೆ ನಿಜವಾಗಿ ಏನಾದರೂ ಬದಲಾಗುತ್ತದೆಯೇ?

ಎಂಟರ ಟೀಚರ್ (ಉಪ್ಪಳ):

ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು ನಾನು. ಸಹಿ ಹಾಕಬೇಡಿ.

ನಿಮ್ಮ ಹಿರಿಯರು 21 ಕೇಳುತ್ತಿದ್ದಾರೆ. ಮೋಟಾರು ವಾಹನ ಕಾಯಿದೆಯಲ್ಲಿ ಈಗಾಗಲೇ 25 ಇದೆ. 2019ರ ತಿದ್ದುಪಡಿಯಲ್ಲಿ ಬಂದ 199ಎ ವಿಧಿಯನ್ನು ಒಮ್ಮೆ ಓದಿಸಿ. ಹದಿನೆಂಟು ತುಂಬದ ಹುಡುಗ ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ. ವಾಹನದ ನೋಂದಣಿ ಹನ್ನೆರಡು ತಿಂಗಳಿಗೆ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ‘ನನಗೆ ತಿಳಿಯದೆ ಕೊಂಡುಹೋದ’ ಎಂದರೆ ಸಾಲದು, ಅದನ್ನು ಅಪ್ಪನೇ ಸಾಬೀತು ಮಾಡಬೇಕು. ಇಷ್ಟು ಬಿಗಿಯಾದ ಕಾಯಿದೆ ಇದ್ದೂ ಅಂಗಡಿಯ ಹಿಂದೆ ಸ್ಕೂಟರುಗಳು ನಿಲ್ಲುತ್ತಿದ್ದರೆ, ಮೂರು ವರ್ಷ ಏರಿಸಿದ ಕೂಡಲೇ ಅವು ಮನೆಯಲ್ಲೇ ಉಳಿಯುತ್ತವೆಯೇ?

ನನ್ನ ಹತ್ತಿರ ಹದಿನೆಂಟು ತುಂಬಿ ಬರುವ ಹುಡುಗರಲ್ಲಿ ಹೆಚ್ಚಿನವರಿಗೆ ಸ್ಕೂಟರ್ ಹೊಸತಲ್ಲ. ಮೈದಾನದಲ್ಲಿ ಕಂಬಗಳ ನಡುವೆ ಕಾಲೂರದೆ ಸ್ಕೂಟರಿನಲ್ಲಿ ಎಂಟನ್ನು (ಲೈಸೆನ್ಸ್ ಪರೀಕ್ಷೆಯ 8ರ ಆಕಾರ) ಸರಾಗವಾಗಿ ಬರೆಯುತ್ತಾರೆ. ಅದೇ ಹುಡುಗನನ್ನು ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆಗೆ ಕರೆದುಕೊಂಡು ಹೋದರೆ ಬೇರೆಯೇ ಕತೆ. ಬಲಕ್ಕೆ ತಿರುಗುವ ಮೊದಲು ಕತ್ತು ತಿರುಗುವುದಿಲ್ಲ. ಮನೆಯಿಂದ ತಂದ ಸ್ಕೂಟರಿನ ಕನ್ನಡಿಗಳು ಒಳಕ್ಕೆ ಮಡಚಿರುತ್ತವೆ. ಒಬ್ಬನದರಲ್ಲಿ ಕನ್ನಡಿಯೇ ಇರಲಿಲ್ಲ, ತೂತಿಗೆ ರಬ್ಬರಿನ ಬಿರಡೆ ಹಾಕಿದ್ದ. ಎದುರು ದಿಕ್ಕಿನಿಂದ ಬಂದರೆ ಎರಡು ಕಿಲೋಮೀಟರ್ ಸುತ್ತು ತಪ್ಪುತ್ತದೆ ಎಂಬ ಲೆಕ್ಕಾಚಾರ ಮಾತ್ರ ಎಲ್ಲರಿಗೂ ಬಾಯಿಪಾಠ. ಇದೆಲ್ಲ ಅವರು ಕದ್ದು ಓಡಿಸುತ್ತಿದ್ದ ಕಾಲದಲ್ಲಿ ಕಲಿತದ್ದು. ಪಕ್ಕದಲ್ಲಿ ಹೇಳುವವರು ಯಾರೂ ಇಲ್ಲದಾಗ ಕಲಿತದ್ದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ವಯಸ್ಸು ಏರಿಸಿದರೆ ಆ ಕಾಲ ಇನ್ನೂ ಮೂರು ವರ್ಷ ಉದ್ದವಾಗುತ್ತದೆ, ಅಷ್ಟೇ.

(ಪರೀಕ್ಷೆಯೂ ಸಾಚಾ ಅಲ್ಲ, ಬಿಡಿ. ಕೈಯಲ್ಲೇ ಗೇರು ಹಾಕುವ ಬಜಾಜ್ ಎಂ80 ಎಂಬ ಹಳೆಯ ದ್ವಿಚಕ್ರ ವಾಹನ ತಂದು ಎಂಟು ಬರೆಸಿ, ಲೈಸೆನ್ಸ್ ಕೊಡಿಸಿ, ಮರುದಿನ 150 ಸಿಸಿ ಬೈಕ್ ಏರಿಸುವ ಪದ್ಧತಿ ಕೇರಳದಲ್ಲಿ ವರ್ಷಗಟ್ಟಲೆ ನಡೆಯಿತು. 2024ರಲ್ಲಿ ಅದನ್ನು ನಿಲ್ಲಿಸಲು ಹೊರಟಾಗ ಹೆಚ್ಚು ಕೂಗಾಡಿದ್ದು ನಮ್ಮಂಥ ಶಾಲೆಗಳವರೇ.)

ಹದಿನಾರಕ್ಕೇ ಲೈಸೆನ್ಸ್ ಕೊಡುವ ದಾರಿಯೂ ಕಾಯಿದೆಯಲ್ಲಿದೆ, ಆದರೆ 50 ಸಿಸಿ ಮೀರದ ಬೈಕಿಗೆ ಮಾತ್ರ. ಅಂಥದ್ದನ್ನು ಇವತ್ತು ಯಾವ ಷೋರೂಮಿನಲ್ಲಿ ತೋರಿಸುತ್ತೀರಿ? ಈಗಿನ ಪೆಟ್ರೋಲ್ ಸ್ಕೂಟರುಗಳಲ್ಲಿ ಹೆಚ್ಚಿನವು 110, 125 ಸಿಸಿ. ಆ ದಾರಿಯನ್ನು ಕಾಲಕ್ಕೆ ತಕ್ಕಂತೆ ಸರಿಪಡಿಸಿ ಎಂದು ಮನವಿ ಬರೆದರೆ ಮೊದಲ ಸಹಿ ನನ್ನದು. ನ್ಯೂಜಿಲೆಂಡಿನವರು 2011ರಲ್ಲಿ ಕಲಿಯುವ ವಯಸ್ಸನ್ನು 15ರಿಂದ 16ಕ್ಕೆ ಏರಿಸಿದರು, ನಿಜ. ಆದರೆ ಅಲ್ಲಿ ಕಲಿಕೆಯ ಲೈಸೆನ್ಸಿನ ನಂತರ ಒಂದು ನಡುವಿನ ಹಂತವೂ ಇದೆ: ಅನುಭವಿಯೊಬ್ಬರು ಜೊತೆಗಿಲ್ಲದೆ ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಓಡಿಸುವಂತಿಲ್ಲ, ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ನಮ್ಮಲ್ಲಿ ಆ ಹಂತವೇ ಇಲ್ಲ. ಲರ್ನರ್ಸ್ ಸಿಕ್ಕಿ ಮೂವತ್ತು ದಿನ ಕಳೆದರೆ ಪರೀಕ್ಷೆ, ಪಾಸಾದ ಸಂಜೆಯೇ ಹಿಂದೆ ಗೆಳೆಯ.

ಬ್ಯಾಟರಿ ಸ್ಕೂಟರಿನ ವಿಷಯ: ಮೋಟರ್ 250 ವಾಟಿಗಿಂತ ಕಡಿಮೆ, ವೇಗ 25 ಕಿಲೋಮೀಟರಿಗಿಂತ ಕಡಿಮೆ ಇದ್ದರೆ ಲೈಸೆನ್ಸ್ ಬೇಡ. ಆದರೆ ನೀವು ಹೇಳಿದ ಗುಡ್ಡೆಯನ್ನು ಅದು ಹತ್ತುವುದು ಸಂಶಯ. ಆಮೇಲೆ ಅಂಗಡಿಯವನೇ ‘ಸ್ವಲ್ಪ ವೇಗ ಕೂಡಿಸಿಕೊಡುತ್ತೇನೆ’ ಎನ್ನುತ್ತಾನೆ. ಕೂಡಿಸಿದ ಕ್ಷಣಕ್ಕೆ ಅದು ಮೋಟಾರು ವಾಹನ. ನೋಂದಣಿ ಇಲ್ಲ, ವಿಮೆ ಇಲ್ಲ, ಮೇಲೆ ಹದಿನಾರರ ಹುಡುಗ.

ಸೈರನ್ (ಕುಂಬಳೆ):

ಟೀಚರ್ ಚೆನ್ನಾಗಿ ಬರೆದಿದ್ದಾರೆ, ನಾನು ಒಪ್ಪುವುದಿಲ್ಲ. ಆಂಬುಲೆನ್ಸ್ ಓಡಿಸುವವನು ನಾನು. ತಲೆಗೆ ಪೆಟ್ಟು ಬಿದ್ದವರನ್ನು ಗಡಿಯ ತಲಪಾಡಿ ದಾಟಿಸಿ ಮಂಗಳೂರು ಮುಟ್ಟಿಸುವ ತನಕ ಹಿಂದೆ ಕುಳಿತ ತಾಯಿಯ ಕೂಗು ಕೇಳಿಸಿಕೊಳ್ಳುವವನು. ಇಪ್ಪತ್ತೊಂದು ಮಾಡಲಿ. ಎಲ್ಲರೂ ಹೆದರದಿದ್ದರೂ ಕೆಲವರಾದರೂ ಹೆದರುತ್ತಾರೆ. ಹತ್ತರಲ್ಲಿ ಇಬ್ಬರು ಉಳಿದರೆ ನನಗೆ ಸಾಕು.

ಎಂಟರ ಟೀಚರ್ (ಉಪ್ಪಳ):

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಹೆದರಿ ಮನೆಯಲ್ಲಿ ಕೂರುವವರು ಯಾರು? ನಿಯಮ ಪಾಲಿಸಿ, ಹದಿನೆಂಟರವರೆಗೆ ಕಾದು, ಕಲಿಯಲು ಬರುವವರು. ಅಂಗಡಿಯ ಹಿಂದೆ ನಿಲ್ಲಿಸುವವರಲ್ಲ. ನೀವು ಎತ್ತಿಕೊಂಡು ಹೋಗುವವರಲ್ಲಿ ಹೆಲ್ಮೆಟ್ ಹಾಕಿದವರು ಎಷ್ಟು ಮಂದಿ?

ಸೈರನ್ (ಕುಂಬಳೆ):

ಇಲ್ಲವೆನ್ನುವಷ್ಟು. ಆದರೂ ನನ್ನ ಮಾತು ಅದೇ.

ಫುಟ್‌ಬೋರ್ಡ್ (ಪೆರ್ಲ):

ನನಗೆ ಹದಿನೇಳು. ಈ ಚರ್ಚೆಯಲ್ಲಿ ನಮ್ಮ ವಯಸ್ಸಿನವರು ನಾನೊಬ್ಬಳೇ ಇದ್ದಂತಿದೆ. ಬಸ್ಸಿನಲ್ಲಿ ವಿದ್ಯಾರ್ಥಿಗಳ ಕನಿಷ್ಠ ದರ ಒಂದು ರೂಪಾಯಿ, ಉಳಿದವರದು ಹತ್ತು. ಹಾಗಾಗಿ ಸಂಜೆ ಯೂನಿಫಾರ್ಮ್ ಕಂಡ ಕೂಡಲೇ ಕೆಲವು ಬಸ್ಸುಗಳು ನಿಲ್ದಾಣ ದಾಟಿ ಮುಂದೆ ಹೋಗಿ ನಿಲ್ಲುತ್ತವೆ. ಬ್ಯಾಗ್ ಹಿಡಿದು ಓಡಬೇಕು. ಹತ್ತಿರ ಬರುವಷ್ಟರಲ್ಲಿ ಹೊರಡಲು ಡಬಲ್ ಬೆಲ್. ನನ್ನ ತರಗತಿಯ ಹುಡುಗರು ಮಳೆಗಾಲದಲ್ಲಿ ಹೀಗೆ ಓಡಿ ಓಡಿಯೇ ಸ್ಕೂಟರ್ ಹಿಡಿದದ್ದು. ಅವರು ಮಾಡಿದ್ದು ಸರಿ ಎನ್ನುತ್ತಿಲ್ಲ. ಚಪ್ಪಾಳೆ ತಟ್ಟಿದ ಹಿರಿಯರು ಒಂದು ಸಂಜೆ ನಿಲ್ದಾಣಕ್ಕೆ ಬಂದು ನಮ್ಮ ಜೊತೆ ನಿಲ್ಲಲಿ. ದೊಡ್ಡವರು ಇದ್ದರೆ ಬಸ್ ಸರಿಯಾದ ಜಾಗದಲ್ಲೇ ನಿಲ್ಲುತ್ತದೆ.

ಬಯಲುಮನೆ (ಬದಿಯಡ್ಕ):

ಎಲ್ಲರಿಗೂ ವಂದನೆ. ಸಹಿ ಹಾಕದೆ ಕಾಗದ ಹಿಂದಿರುಗಿಸುತ್ತೇನೆ. ಮುಂದಿನ ಸಭೆಯಲ್ಲಿ ಸಂಜೆಯ ಬಸ್ಸಿನ ವಿಷಯ ಎತ್ತುತ್ತೇನೆ. ನಿಲ್ದಾಣದಲ್ಲಿ ದಿನಕ್ಕೆ ಇಬ್ಬರು ಪೋಷಕರು ಸರದಿಯಂತೆ ನಿಲ್ಲುವುದಾದರೆ ಮೊದಲ ದಿನ ನಾನು ಬರುತ್ತೇನೆ. ಬ್ಯಾಟರಿ ಸ್ಕೂಟರ್ ಬೇಡವೆಂದು ಭಾವನಿಗೆ ಹೇಳಿಯಾಯಿತು, ಮುಖ ಊದಿಸಿಕೊಂಡಿದ್ದಾನೆ. ಟೀಚರ್, ಮಗನಿಗೆ ಹದಿನೆಂಟು ತುಂಬಲು ಇನ್ನೂ ಒಂದೂವರೆ ವರ್ಷ ಇದೆ. ಅಲ್ಲಿಯವರೆಗೆ ಮನೆಯಲ್ಲಿ ಏನಾದರೂ ಕಲಿಸಬಹುದೇ?

ಎಂಟರ ಟೀಚರ್ (ಉಪ್ಪಳ):

ಖಂಡಿತ. ನಿಮ್ಮ ಹಿಂದೆ ಕೂರುವಾಗಲೆಲ್ಲ ಹೆಲ್ಮೆಟ್ ಹಾಕಿಸಿ. ಮುಂದೆ ಏನು ಬರಬಹುದು ಎಂದು ಅವನನ್ನೇ ಕೇಳುತ್ತಾ ಹೋಗಿ: ಆ ಆಟೋ ತಿರುಗುತ್ತದೆಯೇ, ನಿಂತ ಬಸ್ಸಿನ ಮುಂದಿನಿಂದ ಯಾರಾದರೂ ದಾಟುತ್ತಾರೆಯೇ ಎಂದು. ಮತ್ತೆ, ನಿಮ್ಮ ಸ್ಕೂಟರಿನ ಕನ್ನಡಿ ಸರಿಯಾಗಿದೆಯೇ ನೋಡಿಕೊಳ್ಳಿ. ಹದಿನೆಂಟು ತುಂಬಿದ ಮೇಲೆ ಕಳುಹಿಸಿ, ಜೂನ್-ಜುಲೈ ಮಾತ್ರ ಬೇಡ, ಮೈದಾನ ಕೆಸರಾಗಿರುತ್ತದೆ.