ಆನ್ ಆರ್ಬರ್‌ನಲ್ಲಿ ವಿಶ್ವವಿದ್ಯಾಲಯದ ಅಪಾರ್ಟ್‌ಮೆಂಟೋ, ಹೊರಗಿನ ಬಾಡಿಗೆ ಮನೆಯೋ?

ಪ್ರಶ್ನೆ: ಪೆರ್ಲದ ಕೃಷಿಕ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಅಮೆರಿಕದ ಆನ್ ಆರ್ಬರ್ ಊರಿನಲ್ಲಿರುವ ಮಿಶಿಗನ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಸ್ತುವಿಜ್ಞಾನದ ಪಿಎಚ್‌ಡಿಗೆ ಪ್ರವೇಶ ದೊರೆತಿದೆ. ಶುಲ್ಕದ ಮನ್ನಾ ಇದೆ, ಸ್ಟೈಪೆಂಡ್ ಕೂಡ ಇದೆ. ಆದ್ದರಿಂದ ಅಡಿಕೆ ಮಾರಿದ ಹಣದಲ್ಲಿ ನಾವು ಭರಿಸಬೇಕಾದದ್ದು ವಿಮಾನದ ಟಿಕೆಟು ಮತ್ತು ಮೊದಲ ಒಂದೆರಡು ತಿಂಗಳ ಖರ್ಚು ಮಾತ್ರ. ತರಗತಿಗಳು ಆಗಸ್ಟ್ ಕೊನೆಗೆ ಆರಂಭವಾಗುತ್ತವೆ. ಇತ್ಯರ್ಥವಾಗದೆ ಉಳಿದಿರುವುದು ವಸತಿಯೊಂದೇ.

ವಿಶ್ವವಿದ್ಯಾಲಯವೇ ನಡೆಸುವ ನಾರ್ತ್‌ವುಡ್ ಎಂಬ ಅಪಾರ್ಟ್‌ಮೆಂಟುಗಳಿಗೆ ಅರ್ಜಿ ಹಾಕುವ ಅವಕಾಶವಿದೆ. ಇನ್ನೊಂದೆಡೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪರಿಚಯವಾದ ಮೂವರು ಹುಡುಗಿಯರು ಊರೊಳಗೆ ನಾಲ್ಕು ಕೋಣೆಗಳ ಮನೆಯೊಂದನ್ನು ಸೇರಿ ಹಿಡಿಯೋಣವೆಂದು ಕರೆಯುತ್ತಿದ್ದಾರೆ. ತಲಾ ಬಾಡಿಗೆ ಅಲ್ಲಿ ಕಡಿಮೆ. ಆದರೆ ಮನೆಯ ಮಾಲಿಕರು ಅಮೆರಿಕದಲ್ಲೇ ವಾಸಿಸುವ ಜಾಮೀನುದಾರರು ಬೇಕೆನ್ನುತ್ತಾರೆ, ಇಲ್ಲವಾದರೆ ಮೂರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಡಬೇಕಂತೆ. ನಮಗೆ ಆ ದೇಶದಲ್ಲಿ ನೆಂಟರೆಂದು ಯಾರೂ ಇಲ್ಲ. ಮಗಳ ಮನಸ್ಸು ಹೊರಗಿನ ಮನೆಯ ಮೇಲಿದೆ, ಅವಳ ತಾಯಿಗೆ ಕ್ಯಾಂಪಸ್ಸೇ ಆಗಬೇಕು. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ: ಕುಂಬಳೆಯವನು, ಈಗ ಊರಿನಲ್ಲಿ

ಅಣ್ಣಾ, ನಾನು ಅದೇ ಊರಿನಲ್ಲಿ ಓದಿದವನು. ಎರಡೂ ಬಗೆಯ ಮನೆಗಳಲ್ಲಿ ಇದ್ದೆ. ಮೊದಲ ವರ್ಷಕ್ಕೆ ನಾರ್ತ್‌ವುಡ್ ಸಿಗುವುದಾದರೆ ಬೇರೆ ಯೋಚನೆ ಬೇಡವೆಂಬುದು ನನ್ನ ಅಭಿಪ್ರಾಯ. ಕಾರಣ ಬಾಡಿಗೆಯಲ್ಲ, ಜಾಗ. ಆ ವಿಶ್ವವಿದ್ಯಾಲಯಕ್ಕೆ ಸೆಂಟ್ರಲ್ ಕ್ಯಾಂಪಸ್, ನಾರ್ತ್ ಕ್ಯಾಂಪಸ್ ಎಂದು ಮುಖ್ಯವಾಗಿ ಎರಡು ಆವರಣಗಳಿವೆ. ಎಂಜಿನಿಯರಿಂಗ್ ವಿಭಾಗಗಳೆಲ್ಲ ಬಹುಮಟ್ಟಿಗೆ ನಾರ್ತ್ ಕ್ಯಾಂಪಸ್ಸಿನಲ್ಲಿವೆ, ವಸ್ತುವಿಜ್ಞಾನವೂ ಅಲ್ಲೇ, ನಾರ್ತ್‌ವುಡ್ ಕೂಡ ಅಲ್ಲೇ. ಊರೊಳಗಿನ ಮನೆಗಳು ಹೆಚ್ಚಾಗಿ ಸೆಂಟ್ರಲ್ ಕ್ಯಾಂಪಸ್ಸಿನ ಸುತ್ತಮುತ್ತ. ಎರಡರ ನಡುವೆ ವಿಶ್ವವಿದ್ಯಾಲಯದ ಬಸ್ಸುಗಳು ಹಣ ಪಡೆಯದೆ ಓಡಾಡುತ್ತವೆ, ನಿಜ. ಆದರೆ ಪ್ರಯೋಗಾಲಯದಲ್ಲಿ ಹೊತ್ತು ಮೀರಿ ಹೊರಬಂದು, ಜನವರಿಯ ರಾತ್ರಿ ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಬಸ್ಸಿಗೆ ಕಾಯುವುದೇನೆಂಬುದು ನಮ್ಮ ಕರಾವಳಿಯಲ್ಲಿ ಬೆಳೆದವರಿಗೆ ಇಲ್ಲಿ ಕುಳಿತು ಊಹಿಸುವುದು ಕಷ್ಟ.

ಬಾಡಿಗೆಯನ್ನು ಹೋಲಿಸುವಾಗಲೂ ಎಚ್ಚರವಿರಲಿ. ನಾರ್ತ್‌ವುಡ್‌ನ ಮೊತ್ತದಲ್ಲಿ ವಿದ್ಯುತ್ತು, ನೀರು, ಮನೆ ಬೆಚ್ಚಗಿಡುವ ಹೀಟಿಂಗು, ಇಂಟರ್ನೆಟ್ ಎಲ್ಲವೂ ಸೇರಿವೆ. ಹೊರಗಿನ ಮನೆಯಲ್ಲಿ ಇವು ಬೇರೆ ಬೇರೆ ಬಿಲ್ಲುಗಳಾಗಿ ಬರುವುದೇ ಹೆಚ್ಚು. ಆ ಊರಿನ ಹಳೆಯ ಮರದ ಮನೆಗಳು ನೋಡಲು ಚಂದ. ಆದರೆ ಕಿಟಕಿಯ ಸಂದಿನಿಂದ ಗಾಳಿ ನುಗ್ಗುವಂಥ ಮನೆಯಾದರೆ ಡಿಸೆಂಬರಿನಿಂದ ಮಾರ್ಚಿನವರೆಗೆ ಗ್ಯಾಸಿನ ಬಿಲ್ಲು ಬಾಡಿಗೆಯಲ್ಲಿ ಉಳಿದದ್ದನ್ನು ತಿಂದುಹಾಕುತ್ತದೆ. ಕೆಲವು ಕರಾರುಗಳಲ್ಲಿ ಮನೆಯ ಮುಂದಿನ ಕಾಲುದಾರಿಯ ಹಿಮ ತೆಗೆಯುವ ಕೆಲಸವೂ ಬಾಡಿಗೆದಾರರ ಪಾಲಿಗೇ ಇರುತ್ತದೆ.

ತಾಯಿಯವರಿಗೆ ಒಂದು ಮಾತು: ಒಗ್ಗರಣೆಗೆ ಹೊಗೆ ಏಳುತ್ತಲೇ ಛಾವಣಿಯ ಹೊಗೆ ಪತ್ತೆ ಯಂತ್ರ ಕಿರುಚುವುದು ಎರಡೂ ಕಡೆಗಳಲ್ಲಿ ಒಂದೇ. ಬಾಣಲೆಗೆ ಮುಚ್ಚಳ ಹಿಡಿದು ಕಿಟಕಿ ತೆರೆದು ಸಾಸಿವೆ ಸಿಡಿಸುವ ಅಭ್ಯಾಸವನ್ನು ಇಲ್ಲಿಂದಲೇ ಮಾಡಿಸಿ ಕಳುಹಿಸಿ.

ಉತ್ತರ: ಮಂಜೇಶ್ವರದವಳು, ಸಂಶೋಧಕಿ

ಕುಂಬಳೆಯ ಅಣ್ಣನವರ ಮಾತಿಗೆ ನನ್ನ ಅರ್ಧ ಒಪ್ಪಿಗೆಯಿದೆ. ಹೊರಗಿನ ಮನೆಯೆಂದ ಮಾತ್ರಕ್ಕೆ ಹೆದರಬೇಕಾಗಿಲ್ಲ. ನಾನು ಅದೇ ರಾಜ್ಯದಲ್ಲಿ ಹೊರಗೆ ಬಾಡಿಗೆಗೆ ಇದ್ದೇ ಓದು ಮುಗಿಸಿದೆ. ಜತೆಗಾರ್ತಿಯರನ್ನು ನಾವೇ ಆರಿಸಿಕೊಳ್ಳಬಹುದು, ಅಡುಗೆಮನೆ ನಮ್ಮ ಕ್ರಮದಲ್ಲಿರುತ್ತದೆ. ಕ್ಯಾಂಪಸ್ಸಿನ ವಸತಿಯಲ್ಲಿ ಯಾರೊಡನೆ ಇರಬೇಕೆಂಬುದು ಪೂರ್ತಿ ನಮ್ಮ ಕೈಯಲ್ಲಿಲ್ಲ. ಆದರೆ ತಾವು ತಿಳಿಸಿದ ಕರಾರಿನಲ್ಲಿ ಎರಡು ಸಂಗತಿಗಳು ನನಗೆ ಸರಿಕಾಣಲಿಲ್ಲ.

ಮಿಶಿಗನ್‌ನಲ್ಲಿ 1973ರಿಂದ ಜಾರಿಯಲ್ಲಿರುವ ಬಾಡಿಗೆ ಕಾನೂನಿನ ಪ್ರಕಾರ ಮಾಲಿಕರು ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿಯನ್ನು ಕೇಳುವಂತಿಲ್ಲ. ಮೊದಲ ತಿಂಗಳ ಬಾಡಿಗೆಯನ್ನು ಬಿಟ್ಟು ಕಡ್ಡಾಯವಾಗಿ ಕೇಳುವ ಮುಂಗಡವನ್ನೂ ಆ ಕಾನೂನು ಠೇವಣಿಯೆಂದೇ ಲೆಕ್ಕ ಹಾಕುತ್ತದೆ. ಹಾಗಾಗಿ ಮೂರು ತಿಂಗಳ ಮುಂಗಡವೆಂದರೆ ಮೊದಲ ತಿಂಗಳು ಕಳೆದು ಎರಡು ತಿಂಗಳ ಠೇವಣಿಯಾಯಿತು. ಅದು ಮಿತಿಯನ್ನು ಮೀರುತ್ತದೆ. ಮಗಳು ಇದನ್ನು ವಿನಯದಿಂದಲೇ ಬರೆದು ಕೇಳಲಿ. ಮಾಲಿಕರ ಉತ್ತರ ಬಂದ ಬಗೆಯಿಂದಲೇ ಅವರೊಡನೆ ಒಂದು ವರ್ಷ ಕಳೆಯಬಹುದೇ ಇಲ್ಲವೇ ಎಂಬುದು ತಿಳಿದುಬಿಡುತ್ತದೆ.

ಇದಕ್ಕಿಂತ ದೊಡ್ಡದು ಹೊಣೆಗಾರಿಕೆಯ ವಿಷಯ. ನಾಲ್ವರು ಒಂದೇ ಕರಾರಿಗೆ ಸಹಿ ಹಾಕಿದರೆ ಸಾಮಾನ್ಯವಾಗಿ ಇಡೀ ಬಾಡಿಗೆಗೆ ಒಬ್ಬೊಬ್ಬರೂ ಹೊಣೆಯಾಗುತ್ತಾರೆ. ಮೂವರಲ್ಲಿ ಒಬ್ಬಳಿಗೆ ವೀಸಾ ಸಿಗದೆ ಹೋದರೆ, ಅಥವಾ ಅವಳು ಬೇರೆ ವಿಶ್ವವಿದ್ಯಾಲಯವನ್ನು ಆರಿಸಿಕೊಂಡರೆ, ಅವಳ ಪಾಲನ್ನು ಮಾಲಿಕರು ಉಳಿದವರಿಂದ ವಸೂಲು ಮಾಡಬಹುದು. ಆ ಹುಡುಗಿಯರನ್ನು ಮಗಳು ಇನ್ನೂ ಫೋನಿನಲ್ಲಷ್ಟೇ ಬಲ್ಲಳು. ಕೋಣೆಗೊಂದು ಪ್ರತ್ಯೇಕ ಕರಾರು ಮಾಡಿಕೊಡುವವರೂ ಇದ್ದಾರೆ. ಅಂಥದ್ದಾದರೆ ಚಿಂತೆ ಬಹಳ ಕಡಿಮೆ.

ಇನ್ನು, ಮನೆಯನ್ನು ನಮ್ಮವರೊಬ್ಬರು ಒಳಹೊಕ್ಕು ನೋಡದೆ ಒಂದು ಡಾಲರನ್ನೂ ಕಳುಹಿಸಬೇಡಿ. ಬೇರೆಯವರ ಮನೆಯ ಚಿತ್ರವನ್ನು ಹಾಕಿ ಹಣ ಪಡೆದು ಮಾಯವಾಗುವವರು ಹೊಸದಾಗಿ ಬರುವ ಭಾರತೀಯ ವಿದ್ಯಾರ್ಥಿಗಳನ್ನೇ ಹುಡುಕುತ್ತಾರೆ. ಅಲ್ಲಿನ ಭಾರತೀಯ ವಿದ್ಯಾರ್ಥಿ ಸಂಘದವರಲ್ಲಿ ಕೇಳಿಕೊಂಡರೆ ಯಾರಾದರೂ ಹೋಗಿ ವೀಡಿಯೋ ಕರೆಯಲ್ಲಿ ತೋರಿಸಿಯಾರು.

ಉತ್ತರ: ಬದಿಯಡ್ಕ, ನಿವೃತ್ತ ಬ್ಯಾಂಕ್ ನೌಕರ

ಹಣದ ವಿಚಾರವನ್ನಷ್ಟೇ ಹೇಳುತ್ತೇನೆ. ಹೊರದೇಶಕ್ಕೆ ಹಣ ಕಳುಹಿಸಲು ಬ್ಯಾಂಕಿನಲ್ಲಿ ಯಾವ ಉದ್ದೇಶಕ್ಕೆ ಕಳುಹಿಸುತ್ತೇವೆಂದು ತಿಳಿಸುವ ಎ2 ಫಾರಂ ತುಂಬಬೇಕು, ಪ್ಯಾನ್ ಕಾರ್ಡ್ ಬೇಕು. 2025ರ ಏಪ್ರಿಲ್ 1ರಿಂದ ಒಂದು ಹಣಕಾಸು ವರ್ಷದಲ್ಲಿ ಒಟ್ಟು 10 ಲಕ್ಷ ರೂಪಾಯಿಯವರೆಗಿನ ರವಾನೆಗೆ ಮೂಲದಲ್ಲಿ ತೆರಿಗೆ ವಸೂಲಾತಿ, ಅಂದರೆ ಹಣ ಕಳುಹಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ, ಇಲ್ಲ. ಮೊದಲು ಈ ಮಿತಿ 7 ಲಕ್ಷವಿತ್ತು. ತಮ್ಮ ಮೊತ್ತ ಅಷ್ಟಕ್ಕೆ ಹೋಗಲಾರದು. ಸ್ಟೈಪೆಂಡಿನ ಮೊದಲ ಕಂತು ಕೈಸೇರುವುದು ಕೆಲಸ ಆರಂಭವಾದ ಮೇಲೆಯೇ, ಅಂದರೆ ಸೆಪ್ಟೆಂಬರ್ ಕೊನೆಯವರೆಗೂ ಮನೆಯ ಹಣವೇ ಗತಿಯೆಂದು ಎಣಿಸಿಕೊಳ್ಳಿ. ಆ ದೃಷ್ಟಿಯಿಂದ ಜಾಮೀನು, ಮುಂಗಡಗಳ ತಾಪತ್ರಯವಿಲ್ಲದ ಕ್ಯಾಂಪಸ್ ವಸತಿಯೇ ಹಗುರ.

ಪೆರ್ಲದ ಕೃಷಿಕ

ಎಲ್ಲರಿಗೂ ಕೃತಜ್ಞತೆಗಳು. ಜಂಟಿ ಹೊಣೆಯ ವಿಷಯವನ್ನು ಓದಿದ ಮೇಲೆ ಮಗಳೇ ನಾರ್ತ್‌ವುಡ್‌ಗೆ ಅರ್ಜಿ ಹಾಕಲು ಒಪ್ಪಿದಳು. ಇನ್ನೊಂದು ಸಂದೇಹವಿದೆ. ಅಲ್ಲಿ ಜಾಗ ಸಿಗದೆ ಕಾಯುವ ಪಟ್ಟಿಯಲ್ಲಿ ಉಳಿದರೆ ಏನು ಮಾಡುವುದು?

ಉತ್ತರ: ಮಂಜೇಶ್ವರದವಳು, ಸಂಶೋಧಕಿ

ಪಟ್ಟಿಯಲ್ಲಿ ಹೆಸರು ಇರಲಿ. ಜತೆಗೆ ರಜೆಗೋ ಇಂಟರ್ನ್‌ಶಿಪ್‌ಗೋ ಹೋಗುವವರು ತಮ್ಮ ಕೋಣೆಯನ್ನು ಒಳಬಾಡಿಗೆಗೆ ಕೊಡುವುದುಂಟು, ಅಂಥದ್ದನ್ನು ನಾಲ್ಕು ತಿಂಗಳ ಮಟ್ಟಿಗೆ ಹುಡುಕಿ. ಮೂಲ ಮಾಲಿಕರ ಲಿಖಿತ ಒಪ್ಪಿಗೆ ಅದಕ್ಕೆ ಇರಲೇಬೇಕು. ತಾರೀಕುಗಳನ್ನೂ ನೋಡಿಕೊಳ್ಳಿ: ಎಫ್-1 ಎಂಬ ವಿದ್ಯಾರ್ಥಿ ವೀಸಾದವರು, ವಿಶ್ವವಿದ್ಯಾಲಯ ಕೊಡುವ ಐ-20 ಎಂಬ ಪತ್ರದಲ್ಲಿ ನಮೂದಾದ ಆರಂಭದ ದಿನಕ್ಕಿಂತ 30 ದಿನಕ್ಕೂ ಹೆಚ್ಚು ಮೊದಲು ಅಮೆರಿಕದೊಳಗೆ ಬರುವಂತಿಲ್ಲ, ಹೊರಗಿನ ಕರಾರುಗಳು ಹೆಚ್ಚಾಗಿ ಆಗಸ್ಟ್ ಕೊನೆಗೆ ಆರಂಭವಾಗುತ್ತವೆ, ನಡುವೆ ಬೀಳುವ ದಿನಗಳಿಗೆ ಹಾಸಿಗೆ ಎಲ್ಲಿ ಎಂಬುದನ್ನು ಟಿಕೆಟು ತೆಗೆಯುವ ಮೊದಲೇ ಗೊತ್ತುಮಾಡಿಕೊಳ್ಳಿ. ಮುಂದೆ ಮನೆ ಬದಲಾಯಿಸಿದಾಗ ಹೊಸ ವಿಳಾಸವನ್ನು 10 ದಿನಗಳೊಳಗೆ ವಿಶ್ವವಿದ್ಯಾಲಯದ ಮೂಲಕ ವರದಿ ಮಾಡುವುದು ವೀಸಾದ ನಿಯಮ. ಹೊರಗಿನ ಮನೆ ಸೇರಿದ ದಿನ ಮಾಲಿಕರು ಕೊಡುವ ಪರಿಶೀಲನಾ ಪಟ್ಟಿಯಲ್ಲಿ ಗೋಡೆಯ ಕಲೆ, ಒಡೆದ ಹಿಡಿಕೆ, ಸೋರುವ ನಲ್ಲಿ ಎಲ್ಲವನ್ನೂ ಬರೆದು, ಚಿತ್ರ ತೆಗೆದು, ಏಳು ದಿನಗಳೊಳಗೆ ಹಿಂದಿರುಗಿಸಬೇಕು. ಬಿಟ್ಟು ಹೊರಡುವಾಗ ನಾಲ್ಕು ದಿನಗಳೊಳಗೆ ಹೊಸ ವಿಳಾಸವನ್ನು ಬರಹದಲ್ಲಿ ಕೊಟ್ಟರೆ, ಠೇವಣಿಯಲ್ಲಿ ಏನಾದರೂ ಹಿಡಿದುಕೊಳ್ಳುವ ಮಾಲಿಕರು ಅದರ ವಿವರವಾದ ಪಟ್ಟಿಯನ್ನು 30 ದಿನಗಳೊಳಗೆ ಕಳುಹಿಸಲು ಬದ್ಧರಾಗಿರುತ್ತಾರೆ.